ನಡೆದೇ ಹೋದ ರಾಜ

ಚದುರಂಗದ ಆಟ ಶುರುಮಾಡುವ ಓಪನಿಂಗುಗಳಿಗೆಲ್ಲ ಯಾರ್ಯಾರದೋ ಊರಿನ ಹೆಸರು. ಬರ್ಲಿನ್ ಅಂತೆ, ಲಂಡನ್ ಅಂತೆ, ವಿಯೆನ್ನಾ ಅಂತೆ, ಸಿಸಿಲಿಯನ್ ಅಂತೆ. ನಾನು ಆಡುವ ಓಪನಿಂಗಿಗೆ ರಾವಂದೂರು ಓಪನಿಂಗ್ ಎಂದು ಹೆಸರಿಟ್ಟಿದ್ದೇನೆ. ಯಾರನ್ನೂ ಕೇಳಿ ಇಟ್ಟದ್ದಲ್ಲ. ಲಂಡನ್ನಿನವರು ನಮ್ಮನ್ನು ಕೇಳಿ ಇಟ್ಟುಕೊಂಡರೇ? ನಗುವವರು ನಗಲಿ. ಪಿರಿಯಾಪಟ್ಟಣದ ನನ್ನ ಔಷಧಿ ಅಂಗಡಿಗೆ ಬಂದು ನಗುವವರಿಗೆ ಹೊಟ್ಟೆನೋವಿನ ಮಾತ್ರೆಯನ್ನೂ ಕೊಡುತ್ತೇನೆ, ದುಡ್ಡಿಗೆ.

ಹೆಸರಿಟ್ಟ ಮೇಲೆ ಅದೇನು ಅಂತ ಹೇಳಬೇಕಲ್ಲ. ರಾಜನ ಮುಂದಿನ ಸಿಪಾಯಿಯನ್ನು ಒಂದೇ ಒಂದು ಮನೆ ಮುಂದಿಡುವುದು. ಆಮೇಲೆ ಇನ್ನೊಂದಷ್ಟನ್ನು ಹಾಗೇ ಒಂದೊಂದು ಮನೆ. ಗದ್ದೆಗೆ ಬದು ಕಟ್ಟಿದ ಹಾಗೆ ಮೂರನೇ ಸಾಲಿನಲ್ಲಿ ಸಿಪಾಯಿಗಳು ನಿಲ್ಲಬೇಕು. ನಡುವಿನ ಸಂದಿಯಲ್ಲಿ ಕುದುರೆ, ಹಿಂದೆ ಒಂಟೆ. ಎದುರಾಳಿ ಹಾರಾಡಲಿ, ಆಟದ ಹಾಸಿನ ನಡುಭಾಗವನ್ನೆಲ್ಲ ತನ್ನದೇ ಜಮೀನು ಅಂದುಕೊಳ್ಳಲಿ, ನಾವು ಮಾತ್ರ ಬದು ಕಟ್ಟುತ್ತಿರಬೇಕು. ಅವನಾಗಿಯೇ ಬರುತ್ತಾನೆ. 'ಊರಿಗ್ ಬಂದೋಳು ನೀರಿಗ್ ಬರ್ದೆ ಇದ್ದಾಳಾ?' ಎನ್ನುವುದು ನನ್ನ ಅತ್ತೆಯ ಮಾತು.

ಈ ಆಟ ಅತ್ತೆಯದೇ. ಅವರ ತವರು ರಾವಂದೂರು. ಅವರು ಲಂಗ ಉಡುತ್ತಿದ್ದ ಕಾಲದಲ್ಲಿ ಅವರಪ್ಪ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡು ಮೂಲೆ ಹಿಡಿದರಂತೆ. ಗಂಡುಮಕ್ಕಳೆಲ್ಲ ಹೊಲಕ್ಕೆ ಹೋದ ಮೇಲೆ ಆಡಲು ಜನ ಬೇಕಲ್ಲ, ಮಗಳನ್ನು ಕೂರಿಸಿಕೊಂಡರು. ಮುರಿದ ಕಾಲು ಕೂಡಿಕೊಳ್ಳುವ ಹೊತ್ತಿಗೆ ಮಗಳು ಅಪ್ಪನನ್ನು ಸೋಲಿಸುವಷ್ಟು ಬೆಳೆದಿದ್ದಳು. ಕಂಪಲಾಪುರಕ್ಕೆ ಸೊಸೆಯಾಗಿ ಬಂದಾಗ ಪೆಟ್ಟಿಗೆಯಲ್ಲಿ ಸೀರೆಗಳ ಅಡಿ ಆ ಹಾಸನ್ನೂ ಮಡಿಸಿ ತಂದರು. ದಪ್ಪ ಬಟ್ಟೆಯ ಮೇಲೆ ಮನೆಗಳನ್ನು ಹೊಲಿದ ಹಾಸು ಅದು. ಇಡೀ ಊರಲ್ಲಿ ಎದುರು ಕೂರುವವರು ಯಾರೂ ಸಿಗದೆ ಅದು ಎಷ್ಟೋ ವರ್ಷ ಮಡಿಸಿಯೇ ಇತ್ತು. ಆಮೇಲೆ ಕೆ.ಆರ್. ನಗರದಿಂದ ನಾನು ಸೊಸೆಯಾಗಿ ಬಂದೆ.

ನಮ್ಮಿಬ್ಬರಿಗೂ ಬೇರೆ ಯಾವುದರಲ್ಲೂ ಹೊಂದಿಕೆಯಾಗಲಿಲ್ಲ. ನಾನು ಸಾರಿಗೆ ಹಾಕಿದ ಹುಳಿ ಅವರಿಗೆ ಹೆಚ್ಚು, ಅವರು ತಿರುವಿದ ಮುದ್ದೆ ನನಗೆ ಗಟ್ಟಿ. ಅಡುಗೆಮನೆಯಲ್ಲಿ ಎದುರು ಮಾತಾಡಿದರೆ ಮುಖ ತಿರುಗಿಸಿಕೊಂಡು ಮಾತೇ ಬಿಡುತ್ತಿದ್ದ ಅತ್ತೆ, ಹಾಸಿನ ಮೇಲೆ ಎದುರಾಡದಿದ್ದರೆ ಬೈಯುತ್ತಿದ್ದರು. 'ಏನಮ್ಮಿ, ನಿನ್ ಮಂತ್ರಿಗೆ ಬಾಯಿಲ್ವಾ? ಅಟ್ಟಿ ಒಳ್ಗೆ ಅಷ್ಟುದ್ದ ಮಾತಾಡ್ತೀಯ, ಇಲ್ ಯಾಕ್ ಎದ್ರುಕಂಡ್ ಕುಂತಿದ್ದೀಯ?' ಎಂದು ತಿವಿಯುತ್ತಿದ್ದರು. ಆ ಮನೆಯಲ್ಲಿ ನಾನು ಬಾಯಿಬಿಟ್ಟು ಜಗಳಾಡಲು ಅಪ್ಪಣೆ ಇದ್ದ ಜಾಗ ಅದೊಂದೇ. ಅದಕ್ಕೇ ಕಲಿತೆ. ಸುಳ್ಳೇಕೆ ಹೇಳಲಿ, ಮೊದಮೊದಲು ಆಟದ ಮೇಲಿನ ಪ್ರೀತಿಗಲ್ಲ, ಅತ್ತೆಯ ರಾಜನನ್ನು ಮೂಲೆಗೆ ತಳ್ಳುವ ಆಸೆಗೆ.

ಅತ್ತೆ ಕಲಿಸಿದ್ದು ಊರ ನಿಯಮದ ಆಟ. ಪುಸ್ತಕದ ಚೆಸ್ಸಿಗೂ ಅದಕ್ಕೂ ಒಂದೆರಡು ವ್ಯತ್ಯಾಸ. ಊರಾಟದಲ್ಲಿ ಸಿಪಾಯಿ ಮೊದಲ ಹೆಜ್ಜೆಗೂ ಒಂದೇ ಮನೆ ಹೋಗುತ್ತಾನೆ, ಎರಡು ಮನೆ ಹಾರುವುದಿಲ್ಲ. ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸುವ ಕ್ಯಾಸಲಿಂಗ್ ಇಲ್ಲ. ಅದರ ಬದಲು ರಾಜನಿಗೆ ಒಂದು ನೆಗೆತ ಉಂಟು. ಚೆಕ್ ಬೀಳುವ ಮುಂಚೆ, ಇಡೀ ಆಟದಲ್ಲಿ ಒಂದೇ ಒಂದು ಸಲ, ರಾಜ ಕುದುರೆಯ ಹಾಗೆ ನೆಗೆಯಬಹುದು. ನಮ್ಮ ಬದುವಿನ ಹಿಂದೆ, ಮೂಲೆಯ ಹತ್ತಿರ, ಅವನಿಗೆಂದೇ ಒಂದು ಮನೆ ಖಾಲಿ ಬಿಟ್ಟಿರುತ್ತೇವೆ. ಸಮಯ ನೋಡಿ ಅಲ್ಲಿಗೆ ನೆಗೆಸುವುದು. ಅತ್ತೆ ರಾಜನನ್ನು ಎರಡು ಬೆರಳಲ್ಲಿ ಎತ್ತಿ ಠಪ್ಪೆಂದು ಅಲ್ಲಿ ಕುಕ್ಕುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಪುಸ್ತಕದ ಆಟವನ್ನು ನಾನು ಕಲಿತದ್ದು ಪಿರಿಯಾಪಟ್ಟಣದಲ್ಲಿ ಅಂಗಡಿ ಹಾಕಿದ ಮೇಲೆ, ಫೋನಿನಲ್ಲಿ. ದೊಡ್ಡ ದೊಡ್ಡ ಆಟಗಾರರ ಪಂದ್ಯಗಳನ್ನು ನೇರವಾಗಿ ನೋಡುತ್ತೇನೆ. ಗಲ್ಲಾದ ಪಕ್ಕ ಫೋನ್ ಒರಗಿಸಿಟ್ಟುಕೊಂಡು, ಕೆಮ್ಮಿನ ಔಷಧಿ ಕೇಳಲು ಬಂದವರಿಗೆ 'ಒಂದ್ನಿಮ್ಷ ಇರಿ, ಕುದುರೆ ಸಿಕ್ಕಾಕೊಂಡಿದೆ' ಎಂದು ಹೇಳಿ ಬೈಸಿಕೊಂಡಿದ್ದೇನೆ. ಆ ಆಟಗಾರರ ಮೇಲೆ ನನಗೆ ಗೌರವ ಇಲ್ಲವೆಂದು ಯಾರೂ ತಿಳಿಯಬಾರದು. ಆಟದ ಕೊನೆಯಲ್ಲಿ, ಹಾಸಿನ ಮೇಲೆ ನಾಲ್ಕು ಕಾಯಿ ಉಳಿದಾಗ, ಅವರ ಕೈಚಳಕ ನೋಡಿ ನಾನು ಅಂಗಡಿಯಲ್ಲೇ ಎದ್ದು ನಿಂತಿದ್ದೇನೆ.

ಆದರೆ ಅವರ ಆರಂಭ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಬ್ಬರು ಜಗದ್ವಿಖ್ಯಾತರು ಕೋಟು ಹಾಕಿಕೊಂಡು ಕೂರುತ್ತಾರೆ, ಇಪ್ಪತ್ತು ನಡೆಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಟಪಟಪ ಆಡುತ್ತಾರೆ, ಎಲ್ಲವೂ ಮನೆಯಲ್ಲಿ ಕಂಪ್ಯೂಟರಿನ ಜೊತೆ ಕೂತು ಬಾಯಿಪಾಠ ಮಾಡಿದ್ದು. ಆಮೇಲೆ ಒಂದಿಷ್ಟು ಕಾಯಿ ಬದಲಾಯಿಸಿಕೊಂಡು ಕೈಕುಲುಕಿ ಎದ್ದು ಹೋಗುತ್ತಾರೆ. ಡ್ರಾ. ಇದೇನು ಆಟವೋ ಬೀಗರ ಉಪಚಾರವೋ! ಯಾವಾಗಲೋ ಒಮ್ಮೆ ಅವರಲ್ಲೇ ಒಬ್ಬ ಮೂರನೇ ನಡೆಗೇ ಯಾರೂ ಆಡದ ಪೆದ್ದು ನಡೆ ಆಡಿಬಿಡುತ್ತಾನೆ. ಎದುರಿನವನ ಬಾಯಿಪಾಠ ಅಲ್ಲಿಗೆ ಮುಗಿಯಿತು. ಅವನು ಹಣೆಗೆ ಕೈಕೊಟ್ಟು ಯೋಚಿಸತೊಡಗುತ್ತಾನೆ. ಆಗ ನನಗೆ ಆಗುವ ಖುಷಿ ಅಷ್ಟಿಷ್ಟಲ್ಲ. ಈಗ ಇಬ್ಬರೂ ಮನುಷ್ಯರಾದರು ನೋಡು, ಎಂದುಕೊಳ್ಳುತ್ತೇನೆ.

ಇನ್ನೊಂದು ಕಾಟ ಅಂದರೆ ಹಾಸಿನ ಪಕ್ಕ ಏರಿಳಿಯುವ ಆ ಕಪ್ಪುಬಿಳಿ ಪಟ್ಟಿ. ಯಾರು ಮುಂದಿದ್ದಾರೆ ಎಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಪು ಕೊಡುತ್ತಿರುತ್ತದೆ. ನೋಡುವವರು ಆಟ ನೋಡುವುದಿಲ್ಲ, ಪಟ್ಟಿ ನೋಡುತ್ತಾರೆ. ನನ್ನ ರಾವಂದೂರು ಓಪನಿಂಗನ್ನು ನಾನೂ ಒಮ್ಮೆ ಕಂಪ್ಯೂಟರಿನ ಮುಂದೆ ಇಟ್ಟು ನೋಡಿದೆ. ಅರ್ಧ ಸಿಪಾಯಿಯಷ್ಟು ಹಿಂದಿದ್ದೀಯ ಎಂದಿತು. ಅರ್ಧ ಸಿಪಾಯಿಯನ್ನು ಯಾರಾದರೂ ಕಣ್ಣಾರೆ ನೋಡಿದ್ದೀರಾ? ಸೊಂಟದ ಮೇಲೋ, ಸೊಂಟದ ಕೆಳಗೋ? ಆ ಅರ್ಧ ಸಿಪಾಯಿಯನ್ನು ಹಿಡಿದುಕೊಂಡು ಗೆಲ್ಲಲು ಕಂಪ್ಯೂಟರಿಗೆ ಗೊತ್ತು. ಎದುರು ಕೂತ ಮನುಷ್ಯನಿಗೆ ಗೊತ್ತಿರಬೇಕಲ್ಲ!

ಇದೇ ಮಾತನ್ನು ನಮ್ಮ ತಂಡದ ಕ್ಯಾಪ್ಟನ್‌ಗೆ ಹೇಳಿ ನಿಷ್ಠುರವಾದೆ. ಅವರು ವಕೀಲರು. ನಮ್ಮ ಕಡೆಯ ನಾಲ್ಕು ತಾಲೂಕುಗಳ ಆಟಗಾರರು ವರ್ಷಕ್ಕೊಮ್ಮೆ ಸೇರಿ ಆಡುವ ಪಂದ್ಯವೊಂದಿದೆ, ಒಂದೊಂದು ತಂಡಕ್ಕೂ ಐದು ಬೋರ್ಡು, ಬೋರ್ಡಿಗೊಬ್ಬರು. ಪಿರಿಯಾಪಟ್ಟಣದ ಐದನೇ ಬೋರ್ಡು ನನ್ನದು. ಎಲ್ಲ ತಂಡಗಳನ್ನೂ ಸೇರಿಸಿದರೂ ಸೀರೆ ಉಟ್ಟು ಕೂರುವವಳು ನಾನೊಬ್ಬಳೇ. ಆ ಕುರ್ಚಿ ನನಗೆ ಯಾರೂ ದಾನ ಕೊಟ್ಟದ್ದಲ್ಲ. ಆಯ್ಕೆಯ ಆಟದಲ್ಲಿ ನಾಲ್ಕು ಜನ ಗಂಡಸರನ್ನು ಸೋಲಿಸಿ ಕೂತದ್ದು.

ಕೂತ ಮೇಲೆ ವಕೀಲರು ನನ್ನನ್ನು ತಿದ್ದಲು ಹೊರಟರು. ತಿದ್ದಿಸಿಕೊಂಡೆ. ಮೂರು ವರ್ಷ ಅವರು ಹೇಳಿದ ಲಂಡನ್ ಓಪನಿಂಗನ್ನೇ ಆಡಿದೆ. ಅವರು ಕಳಿಸಿದ ನಡೆಗಳನ್ನು ಸಾರು ಕುದಿಯುವಾಗ, ಬಸ್ಸಿಗೆ ಕಾಯುವಾಗ ಉರು ಹೊಡೆದೆ. ಎಂಟನೇ ನಡೆಯವರೆಗೆ ಮಹಾರಾಣಿ ಹಾಗೆ ಆಡುತ್ತಿದ್ದೆ. ಒಂಬತ್ತನೆಯದಕ್ಕೆ ಎದುರಾಳಿ ಪಾಠದಲ್ಲಿ ಇಲ್ಲದ್ದೇನಾದರೂ ಆಡಿದನೋ, ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಗುತ್ತಿತ್ತು. ಬಾಡಿಗೆಗೆ ತಂದ ಒಡವೆ ಹಾಕಿಕೊಂಡು ಮದುವೆಗೆ ಹೋದ ಹಾಗೆ, ಕೈಕಾಲು ಆಡಿಸಲೂ ಭಯ. ಸೋಲು, ಡ್ರಾ, ಸೋಲು. ನಾಲ್ಕನೇ ವರ್ಷ ಹೇಳಿಯೇಬಿಟ್ಟೆ, ಈ ಸಲ ನನ್ನ ಆಟ ನಾನು ಆಡುತ್ತೇನೆ ಎಂದು.

'ಮೇಡಂ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ' ಎಂದರು ವಕೀಲರು. ನನ್ನ ಅಂಗಡಿಯ ಮುಂದೆಯೇ, ಹತ್ತು ಜನರ ಎದುರಿಗೆ. 'ನಿಮ್ದು ಅಜ್ಜಿ ಕಾಲದ ಆಟ. ನಾನ್ ಹೇಳಿದ್ದು ಆಡಿ, ಸೋತ್ರೂ ಕುರ್ಚಿ ನಿಮ್ದೇ. ನಿಮ್ಮಿಷ್ಟದ್ದು ಆಡಿ ಸೋತ್ರೋ, ಬರೋ ವರ್ಷ ಎದ್ದು ಜಾಗ ಬಿಡ್ಬೇಕು. ಆಗ್ಬೋದಾ?'

'ಆಗ್ಬೋದು ಸಾರ್' ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಆ ಕುರ್ಚಿ ಬಿಟ್ಟರೆ ಎದುರಾಬದುರು ಕೂತು ಆಡಲು ನನಗೆ ಇನ್ನೊಂದು ಜಾಗವಿರಲಿಲ್ಲ. ಅತ್ತೆಗೆ ಕಣ್ಣು ಮಂಜಾಗಿತ್ತು, ಆಪರೇಷನ್ ಆದ ಮೇಲೂ ಕಾಯಿಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಗುರುತು ಹಿಡಿಯುತ್ತಿದ್ದರು, ಬೇಗ ದಣಿಯುತ್ತಿದ್ದರು.

ಆ ವರ್ಷದ ಪಂದ್ಯ ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಊಟದ ಹಾಲಿನಲ್ಲಿ ಮೇಜು ಹಾಕಿದ್ದರು. ಹಿಂದಿನ ದಿನದ ಮದುವೆಯ ಸಾಂಬಾರಿನ ವಾಸನೆ ಇನ್ನೂ ಗೋಡೆಯಲ್ಲೇ ಇತ್ತು. ಹುಣಸೂರಿನವರನ್ನೂ ಕೆ.ಆರ್. ನಗರದವರನ್ನೂ ದಾಟಿಕೊಂಡು ನಮ್ಮ ತಂಡ ಕೊನೆಯ ಸುತ್ತಿಗೆ ಬಂತು. ಕೊನೆಗೆ ಉಳಿದವರು ಎಚ್.ಡಿ. ಕೋಟೆಯವರು. ನನ್ನೆದುರು ಕೂತವರು ಹಂಪಾಪುರದ ಶುಂಠಿ ವ್ಯಾಪಾರಿ, ಆನ್‌ಲೈನಿನಲ್ಲಿ ಆಡಿ ಆಡಿ ಪಳಗಿದವರು. ಒಳ್ಳೆಯ ಮನುಷ್ಯ. 'ನಮಸ್ಕಾರ ಅಕ್ಕ' ಎಂದು ಕೈಕುಲುಕದೆ ಕೈಮುಗಿದರು.

ನನಗೆ ಬಿಳಿ ಕಾಯಿ. ರಾಜನ ಮುಂದಿನ ಸಿಪಾಯಿಯನ್ನು ಒಂದೇ ಒಂದು ಮನೆ ಮುಂದಿಟ್ಟೆ. ನನ್ನ ಹಿಂದೆ ನಿಂತಿದ್ದ ವಕೀಲರ ಉಸಿರು ಬುಸ್ಸೆಂದದ್ದು ಕೇಳಿಸಿತು. ವ್ಯಾಪಾರಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ತಮ್ಮ ಸಿಪಾಯಿಗಳನ್ನು ಎರಡೆರಡು ಮನೆ ಮುಂದಕ್ಕೆ ಓಡಿಸಿ ನಡುಭಾಗವನ್ನೆಲ್ಲ ಹಿಡಿದರು. ಆಮೇಲೆ ಕ್ಯಾಸಲಿಂಗ್ ಮಾಡಿ ತಮ್ಮ ರಾಜನನ್ನು ನನ್ನ ಬಲಗೈ ಕಡೆಯ ಮೂಲೆಗೆ ಕೂರಿಸಿದರು. ನಾನು ಬದು ಕಟ್ಟಿದೆ. ಕುದುರೆ ಬಂತು, ಒಂಟೆ ಒಂದು ಹೆಜ್ಜೆ ಹೊರಬಂತು. ಎಷ್ಟು ವರ್ಷಗಳ ಮೇಲೆ! ಎದುರಿಗಿದ್ದದ್ದು ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಬೋರ್ಡಲ್ಲ, ಕಂಪಲಾಪುರದ ಜಗಲಿಯ ಮೇಲಿನ ಹಾಸು. ಕೈಗೆ ಹುಮ್ಮಸ್ಸು ಬಂತು. ಆ ಹುಮ್ಮಸ್ಸಿನಲ್ಲೇ ರಾಜನನ್ನು ಎರಡು ಬೆರಳಲ್ಲಿ ಎತ್ತಿ, ಅವನಿಗೆಂದೇ ಬಿಟ್ಟಿದ್ದ ಮನೆಗೆ ನೆಗೆಸಿ, ಠಪ್ಪೆಂದು ಕುಕ್ಕಿ, ಗಡಿಯಾರ ಒತ್ತಿದೆ.

ಅಯ್ಯೋ ನನ್ನ ಕರ್ಮವೇ, ಇಲ್ಲಿ ರಾಜ ನೆಗೆಯುವಂತಿಲ್ಲ ಎನ್ನುವುದು ಆಗ ಹೊಳೆಯಿತು.

ಯಾರೋ ಕಿಸಕ್ಕೆಂದರು. ಇನ್ಯಾರೋ 'ರಾಜ ಕುದ್ರೆ ಏರವ್ನೆ ಕಣ್ಲಾ!' ಎಂದರು. ನಗು ಇಡೀ ಹಾಲಿಗೆ ಹಬ್ಬಿತು. ತೀರ್ಪುಗಾರರು ಬಂದು ಎಲ್ಲರನ್ನೂ ಸುಮ್ಮನಾಗಿಸಿ, ರಾಜನನ್ನು ಮೊದಲಿದ್ದ ಮನೆಗೇ ತಂದಿಟ್ಟು, ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟರು. 'ಮೇಡಂ, ರಾಜನನ್ನ ಮುಟ್ಟಿದ್ದೀರಿ, ರಾಜನನ್ನೇ ಆಡಬೇಕು. ಬೇಕಾದರೆ ಕ್ಯಾಸಲಿಂಗ್ ಮಾಡಿ, ಇಲ್ಲ ಒಂದು ಮನೆ ಸರಿಸಿ. ಇನ್ನೊಂದು ಸಲ ಹೀಗೆ ಆದರೆ ಆಟ ಹೋದ ಹಾಗೆ' ಎಂದರು. ನನ್ನ ಕಿವಿ ಕಾದ ಕಾವಲಿಯಾಗಿತ್ತು. ಕಣ್ಣಲ್ಲಿ ನೀರು ಬಂದೇಬಿಡುತ್ತದೆ ಎನಿಸಿತು, ಹಲ್ಲು ಕಚ್ಚಿ ತಡೆದೆ.

ವಕೀಲರು ದೂರದಲ್ಲಿ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದರು. ಕ್ಯಾಸಲಿಂಗ್ ಮಾಡಿಕೊಂಡರೆ ಮುಗಿಯಿತು, ಮಾನ ಅರ್ಧವಾದರೂ ಉಳಿಯುತ್ತದೆ. ನಗುತ್ತಿದ್ದವರೂ ಅದನ್ನೇ ಕಾಯುತ್ತಿದ್ದರು, ಈಗ ಇವಳು ಸರಿಯಾದದ್ದನ್ನು ಆಡಿ ತೆಪ್ಪಗಾಗುತ್ತಾಳೆ ಎಂದು. ನಾನು ಹಾಸನ್ನು ನೋಡಿದೆ. ಕ್ಯಾಸಲಿಂಗ್ ಮಾಡಿದರೆ ಮೂಲೆಯ ಆನೆ ಅಂಚಿನ ಸಾಲು ಬಿಟ್ಟು ಒಳಗೆ ಬರುತ್ತದೆ. ನನಗೆ ಆನೆ ಬೇಕಾಗಿದ್ದದ್ದು ಅಂಚಿನಲ್ಲೇ, ಅವರ ರಾಜ ಕೂತಿದ್ದ ಸಾಲುಗಳ ಪಕ್ಕದಲ್ಲೇ. ಇನ್ನು ನನ್ನ ರಾಜ. ಅವನು ನೆಗೆದು ಮುಟ್ಟಬೇಕಿದ್ದ ಮನೆ ಎಷ್ಟು ದೂರ? ಪಕ್ಕಕ್ಕೆ ಒಂದು ಹೆಜ್ಜೆ, ಓರೆಯಾಗಿ ಇನ್ನೊಂದು.

ನೆಗೆಯಲು ಬಿಡುವುದಿಲ್ಲವೋ, ನಡೆದೇ ಹೋಗುತ್ತಾನೆ. ಇದು ನಾನು ಮನಸ್ಸಿನಲ್ಲಿ ಅಂದುಕೊಂಡ ಮಾತು. ರಾಜನನ್ನು ಪಕ್ಕದ ಮನೆಗೆ ಸರಿಸಿದೆ. ಮತ್ತೆ ಕಿಸಿಕಿಸಿ ನಗು. ವ್ಯಾಪಾರಿ ಏನೋ ಆಡಿದರು. ನಾನು ರಾಜನನ್ನು ಓರೆಯಾಗಿ ಒಂದು ಮನೆ ಏರಿಸಿ, ಅವನ ಜಾಗದಲ್ಲೇ ಕೂರಿಸಿದೆ. ಠಪ್ಪೆಂದು ಕುಕ್ಕಿದೆ, ಬೇಕೆಂದೇ.

ಎರಡನೇ ತಪ್ಪಿಗೆ ಆಟವೇ ಹೋಗುತ್ತದಲ್ಲ, ಆಮೇಲೆ ಪ್ರತಿ ಕಾಯಿ ಮುಟ್ಟುವ ಮೊದಲೂ ಕೈಯನ್ನು ತೊಡೆಯ ಮೇಲೆ ಒತ್ತಿಟ್ಟುಕೊಂಡು, ಇದು ಯಾರ ನಿಯಮ, ಅತ್ತೆಯದೋ ಪುಸ್ತಕದ್ದೋ ಎಂದು ಕೇಳಿಕೊಂಡೆ. ಅಂಚಿನ ಸಿಪಾಯಿಯನ್ನು ಬಿಟ್ಟೆ. ಅವನು ಒಂದೇ ಸಮನೆ ಮುಂದೆ ಹೋಗಿ ಅವರ ರಾಜನ ಮುಂದಿನ ಗೋಡೆಗೆ ಡಿಕ್ಕಿ ಹೊಡೆದ. ಸಿಪಾಯಿಗೆ ಸಿಪಾಯಿ ಹೋಗಿ ಅಂಚಿನ ಸಾಲು ಬಯಲಾಯಿತು. ನನ್ನ ಆನೆಗೆ ಅವರ ಮನೆಯವರೆಗೂ ದಾರಿ. ಈಗೀಗ ದೊಡ್ಡ ಆಟಗಾರರು ಅಂಚಿನ ಸಿಪಾಯಿಯನ್ನು ಹೀಗೆ ಓಡಿಸಿದರೆ ವಿವರಣೆ ಹೇಳುವವರು ಆಹಾ ಓಹೋ ಎನ್ನುತ್ತಾರೆ, ಕಂಪ್ಯೂಟರ್ ಕಲಿಸಿದ ಹೊಸ ಫ್ಯಾಷನ್ ಎನ್ನುತ್ತಾರೆ. ಅತ್ತೆ ಕಂಡರೆ ನಗುತ್ತಿದ್ದರು. ಅವರು ಓಡಿಸುತ್ತಿದ್ದದ್ದು ಫ್ಯಾಷನ್ನಿಗಲ್ಲ, ನನ್ನನ್ನು ಹೆದರಿಸಲು. ಎಷ್ಟೋ ಸಲ ಹಾಗೆ ಓಡಿಸಿಯೇ ಸೋತಿದ್ದಾರೆ ಕೂಡ.

ಅಷ್ಟು ಹೊತ್ತಿಗೆ ಉಳಿದ ನಾಲ್ಕು ಬೋರ್ಡು ಮುಗಿದು ಎರಡು ತಂಡಗಳೂ ಸಮನಾಗಿದ್ದವು. ಎಲ್ಲರೂ ನಮ್ಮ ಮೇಜಿನ ಸುತ್ತ ಬಂದು ನಿಂತರು. ವ್ಯಾಪಾರಿ ಬೆವರು ಒರೆಸಿಕೊಂಡು ಮೆಲ್ಲಗೆ, 'ಅಕ್ಕ, ಡ್ರಾ ಮಾಡ್ಕಳಣ್ವಾ?' ಎಂದರು.

ಡ್ರಾ ಆದರೆ ಬಹುಮಾನ ಇಬ್ಬರಿಗೂ. ನಾನು ಸೋತ ಹಾಗೂ ಆಗುವುದಿಲ್ಲ, ಕುರ್ಚಿ ಉಳಿಯುತ್ತದೆ. ಒಪ್ಪಬೇಕೋ ಬೇಡವೋ ಎನ್ನುವುದನ್ನು ಮಾತ್ರ ಕ್ಯಾಪ್ಟನ್ ಹೇಳಬಹುದು ಎಂದು ನಮ್ಮಲ್ಲಿ ನಿಯಮ. ವಕೀಲರು ಬಗ್ಗಿ, 'ಒಪ್ಕೊಳಿ ಮೇಡಂ, ದೇವ್ರು ದೊಡ್ಡೋನು' ಎಂದರು. ಅವರ ಮುಖದಲ್ಲಿ ಕಂಡದ್ದು ಖುಷಿಯಲ್ಲ, ಬದುಕಿದೆವು ಎನ್ನುವ ನಿರಾಳ. ನನಗೆ ಸಿಟ್ಟು ನೆತ್ತಿಗೇರಿತು. ಈಗ ಒಪ್ಪಿಕೊಂಡರೆ ನಾಳೆ ಊರೆಲ್ಲ ಏನು ಹೇಳುತ್ತದೆ? ರಾಜನನ್ನು ಕುದುರೆ ಮಾಡಿದ ಹೆಂಗಸು, ಪಾಪ, ಎದುರಿನವರ ದಯೆಯಿಂದ ಉಳಿದುಕೊಂಡಳು ಎಂದು. ಕುರ್ಚಿ ಉಳಿಯುತ್ತದೆ, ಸರಿ. ಅದರ ಮೇಲೆ ನಾನು ಮತ್ತೆ ಲಂಡನ್ ಉರು ಹೊಡೆದುಕೊಂಡು ಕೂರಬೇಕು.

'ಇಲ್ಲ ಅಣ್ಣ, ಆಡಣ' ಎಂದೆ.

ಆನೆಯನ್ನು ಅಂಚಿನಲ್ಲಿ ಮುಂದಕ್ಕೆ ಏರಿಸಿದೆ. ಆಮೇಲೆ ಮಂತ್ರಿಯನ್ನು ಕೆಳಗಿನ ಸಾಲಿನಲ್ಲೇ ಈ ತುದಿಯವರೆಗೆ ಜಾರಿಸಿ ಆನೆಯ ಬೆನ್ನಿಗೆ ನಿಲ್ಲಿಸಿದೆ. ಕ್ಯಾಸಲಿಂಗ್ ಮಾಡಿದ್ದರೆ ನನ್ನ ರಾಜನೇ ಆ ಸಾಲಿನಲ್ಲಿ ಅಡ್ಡ ಕೂತಿರುತ್ತಿದ್ದ. ನಡೆದುಕೊಂಡು ಮೇಲೆ ಹತ್ತಿದ್ದಕ್ಕೇ ದಾರಿ ಖಾಲಿ ಇತ್ತು. ವ್ಯಾಪಾರಿ ತುಂಬ ಹೊತ್ತು ನೋಡಿದರು. ಅವರ ರಾಜ ಓಡಬೇಕೆಂದರೆ ಅವರದೇ ಆನೆ ಬಾಗಿಲಿಗೆ ಅಡ್ಡ. ಒಂದೆರಡು ಚೆಕ್ ಆದ ಮೇಲೆ ಸೋಲೊಪ್ಪಿಕೊಂಡು ರಾಜನನ್ನು ಮಲಗಿಸಿ, ಮತ್ತೆ ಕೈಮುಗಿದು, 'ನೀವು ನಡ್ಕಂಡೋದಾಗ ನಾನೂ ನಕ್ಕುಬುಟ್ಟೆ ಅಕ್ಕ, ನಗ್ಬಾರ್ದಾಗಿತ್ತು' ಎಂದರು. ಅವರ ಮೇಲೆ ನನಗೆ ಇವತ್ತಿಗೂ ಬೇಸರವಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ವಕೀಲರು ಗೆದ್ದ ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಹುಣಸೂರು ದಾಟಿತು. ಆಮೇಲೆ ಗಂಟಲು ಸರಿಮಾಡಿಕೊಂಡು, 'ಕುರ್ಚಿ ನಿಮ್ದೇ ಮೇಡಂ. ಆದ್ರೆ...' ಎಂದರು.

'ಆದ್ರೆ ಬೇಡ ಸಾರ್' ಎಂದೆ. 'ಕುರ್ಚಿ ನಂದಾದ್ರೆ ಆಟಾನೂ ನಂದೇ.'

ವ್ಯಾನಿನಲ್ಲಿದ್ದ ಯಾರೂ ನಗಲಿಲ್ಲ. ವಕೀಲರು ಕಿಟಕಿಯ ಹೊರಗೆ ಹೊಗೆಸೊಪ್ಪಿನ ಹೊಲಗಳನ್ನು ನೋಡುತ್ತ ಕೂತರು. ನಾನು ಕಂಪಲಾಪುರದಲ್ಲೇ ಇಳಿದೆ.

ಅತ್ತೆ ಜಗಲಿಯ ಮೇಲೆ ಸಂಜೆ ಬಿಸಿಲು ಕಾಯುತ್ತ ಕೂತಿದ್ದರು. ಗೆದ್ದೆಯಾ ಸೋತೆಯಾ ಎಂದು ಕೇಳಲಿಲ್ಲ. 'ಆಸು ಆಕಮ್ಮಿ, ಎಂಗಾಡ್ದೆ ತೋರ್ಸು' ಎಂದರು. ಹಾಸು ಬಿಡಿಸಿ ಮೊದಲಿಂದ ಒಂದೊಂದೇ ನಡೆ ಆಡಿ ತೋರಿಸಿದೆ. ಅತ್ತೆ ಪ್ರತಿ ನಡೆ ಆದ ಮೇಲೂ ಕಾಯಿಗಳ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಬದು ಕಟ್ಟಿದ್ದನ್ನು ಮುಟ್ಟಿ ನೋಡಿ ಹ್ಞೂಂ ಎಂದರು.

'ಇಲ್ಲಿ ರಾಜನ್ನ ನೆಗೆಸಿದೆ ಕಣತ್ತೆ. ನೆಗೆಯಂಗಿಲ್ಲ ಅಂತ ವಾಪಸ್ ಇಡ್ಸಿದ್ರು. ಎಲ್ರೂ ನಕ್ರು' ಎಂದೆ. ಅಷ್ಟು ಹೊತ್ತು ತಡೆದಿದ್ದ ಅಳು ಅಲ್ಲಿ ಒಡೆದು ಬಂತು. ಹಾಲಿನಲ್ಲಿ ನುಂಗಿದ್ದೆಲ್ಲ ಜಗಲಿಯ ಮೇಲೆ ಹೊರಬಂತು. ಐವತ್ತು ದಾಟಿದ ಹೆಂಗಸು ನಾನು, ಮೂಗು ಸೊರಸೊರ ಅನ್ನಿಸಿಕೊಂಡು ಅವರೆದುರು ಅತ್ತುಬಿಟ್ಟೆ.

ಅತ್ತೆ ಸಮಾಧಾನ ಮಾಡಲಿಲ್ಲ. ಅದು ಅವರಿಗೆ ಬರುವುದೂ ಇಲ್ಲ. 'ನಗ್ಲಿ ಬುಡು, ಕಿಸಿಯೋ ಅಲ್ಲು ಅವ್ರವು. ಆಮ್ಯಾಕೆ ಏನ್ ಮಾಡ್ದೆ?' ಎಂದರು.

'ನಡೆಸ್ಕಂಡೇ ಹೋದೆ' ಎಂದೆ. ಪಕ್ಕಕ್ಕೊಂದು, ಓರೆಗೊಂದು, ಎರಡು ಹೆಜ್ಜೆ ನಡೆಸಿ ಇಟ್ಟೆ.

ಅತ್ತೆ ಕೈ ಚಾಚಿ ಬದುವಿನ ಹಿಂದಿನ ಆ ಮನೆಯನ್ನು ತಡವಿದರು. ರಾಜ ಬೆರಳಿಗೆ ಸಿಕ್ಕ. ಅವನ ಕಿರೀಟ, ಅವನ ಪಕ್ಕದ ಸಿಪಾಯಿ, ಹಿಂದಿನ ಆನೆ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಅಪ್ಪನ ಮುರಿದ ಕಾಲಿನ ಪಕ್ಕ ಕೂತು ಕಲಿತಿದ್ದ ಮನೆ ಅದು.

'ಇಲ್ಗೇ ತಾನೇ ಬಂದಿರಾದು?' ಎಂದರು. 'ಅಳ್ತೀಯಾಕೆ ಮತ್ತೆ? ಮುಂದ್ಕಾಡು.'